ಡಾಂಗಲ್ ಸಿಡಿಯಾಗಿ ಕಂಡರೆ ಕರ್ನಲ್ ಏಕೆ ಸುಮ್ಮನಿರುತ್ತದೆ?

ಪ್ರಶ್ನೆ: ನಮ್ಮದು ಮಲೆನಾಡಿನ ಒಳಗಿನ ಹಳ್ಳಿ, ಫೈಬರ್ ಇನ್ನೂ ಬಂದಿಲ್ಲ. 4ಜಿ ಡಾಂಗಲ್ ಒಂದನ್ನೇ ನೆಚ್ಚಿಕೊಂಡಿದ್ದೇನೆ. ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ ಡಾಂಗಲ್ ಚುಚ್ಚಿದರೆ ಸಿಡಿ ಡ್ರೈವ್ ಎಂದು ತೋರಿಸುತ್ತಿತ್ತು, ನೆಟ್ ಬರುತ್ತಿರಲಿಲ್ಲ. ಗೆಳೆಯರೊಬ್ಬರು ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪ್ಯಾಕೇಜ್ ಹಾಕಿಕೊಟ್ಟರು, ಸರಿಹೋಯಿತು. ಸಾಧನಗಳನ್ನು ನಡೆಸುವ ಅಷ್ಟೊಂದು ಡ್ರೈವರ್‌ಗಳನ್ನು ಹೊತ್ತಿರುವ, ಲಿನಕ್ಸಿನ ತಿರುಳಾದ ಕರ್ನಲ್ ಇಷ್ಟು ಸಣ್ಣ ಕೆಲಸವನ್ನು ತಾನೇ ಏಕೆ ಮಾಡಬಾರದು? ಹೊರಗಿನ ಪ್ರೋಗ್ರಾಮ್ ಹಾಕುವುದು ತೇಪೆ ಹಚ್ಚಿದ ಹಾಗಲ್ಲವೆ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ತೇಪೆಯಲ್ಲ. ಆ ಕೆಲಸ ಕರ್ನಲ್‌ನಿಂದ ಹೊರಗಿರುವುದೇ ಸರಿ.

ಮೊದಲು ಅಲ್ಲಿ ಏನಾಗುತ್ತದೆ ಎಂದು ನೋಡೋಣ. ಇಂಥ ಡಾಂಗಲ್‌ಗಳ ಒಳಗೇ ತಯಾರಕರು ವಿಂಡೋಸ್ ಡ್ರೈವರ್ ತುಂಬಿಟ್ಟಿರುತ್ತಾರೆ. ಬಳಕೆದಾರರಿಗೆ ಬೇರೆ ಸಿಡಿ ಕೊಡುವ ಗೋಜು ಬೇಡವೆಂದು, ಚುಚ್ಚಿದ ಕೂಡಲೇ ಡಾಂಗಲ್ ತನ್ನನ್ನು ಸಿಡಿ ಡ್ರೈವ್ ಎಂದೇ ಪರಿಚಯಿಸಿಕೊಳ್ಳುತ್ತದೆ. ಹುವಾವೇ ಇ3372 ಮಾದರಿಯನ್ನೇ ತೆಗೆದುಕೊಳ್ಳಿ. ಅದರ ಹೈಲಿಂಕ್ ಆವೃತ್ತಿ ಮೊದಲು ಕಾಣಿಸುವುದು 12ಡಿ1:1ಎಫ್01 ಎಂಬ ಗುರುತಿನ ಸಂಖ್ಯೆಯಲ್ಲಿ. ನಿರ್ದಿಷ್ಟ ಸಂದೇಶವೊಂದನ್ನು ಕಳಿಸಿದರೆ ಅದು ಒಮ್ಮೆ ಕಳಚಿಕೊಂಡು, 12ಡಿ1:14ಡಿಸಿ ಎಂಬ ಹೊಸ ಸಂಖ್ಯೆಯೊಂದಿಗೆ ನೆಟ್‌ವರ್ಕ್ ಕಾರ್ಡ್ ಆಗಿ ಮರಳುತ್ತದೆ. ಅಲ್ಲಿಂದ ಮುಂದೆ ಕರ್ನಲ್‌ನಲ್ಲಿ ಮೊದಲೇ ಇರುವ ಸಾಮಾನ್ಯ ಈಥರ್ನೆಟ್ ಡ್ರೈವರ್ ಅದನ್ನು ವಹಿಸಿಕೊಳ್ಳುತ್ತದೆ. ನಡುವಿನ ಆ ಒಂದು ಸಂದೇಶವನ್ನು ಕಳಿಸುವುದಷ್ಟೇ ಮೋಡ್‌ಸ್ವಿಚ್‌ನ ಕೆಲಸ.

ಕರ್ನಲ್ ಇದನ್ನು ಮಾಡಿಯೇ ಇಲ್ಲ ಎಂದೇನಲ್ಲ. ಯುಎಸ್‌ಬಿ ಸ್ಟೋರೇಜ್ ಡ್ರೈವರ್‌ನಲ್ಲಿ ಇಂಥ ಮೋಡೆಮ್‌ಗಳ ಪಟ್ಟಿಯೊಂದು ಬಹಳ ಹಿಂದೆಯೇ ಇತ್ತು. 2013ರ ಹೊತ್ತಿಗೆ ಹುವಾವೇ ಸಾಧನಗಳನ್ನು ದೊಡ್ಡ ಸಂಖ್ಯೆಯಲ್ಲಿ ಅದರ ವ್ಯಾಪ್ತಿಗೆ ತರುವ ಬದಲಾವಣೆ ಕರ್ನಲ್‌ಗೆ ಸೇರಿತು. ಉದ್ದೇಶ ನಿಮ್ಮ ಪ್ರಶ್ನೆಯಲ್ಲಿರುವುದೇ: ಚುಚ್ಚಿದರೆ ಸಾಕು, ತಾನಾಗಿ ಮೋಡೆಮ್ ಆಗಲಿ. ಆದರೆ ಕೆಲವು ಡಾಂಗಲ್‌ಗಳಿಗೆ ಒಂದಕ್ಕಿಂತ ಹೆಚ್ಚು ಮೋಡ್‌ಗಳು, ಅಂದರೆ ಕೆಲಸ ಮಾಡುವ ರೂಪಗಳು, ಇರುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಸಂದೇಶ. ತಮಗೆ ಬೇಕಾದ ಮೋಡ್ ಆರಿಸಿ ವರ್ಷಗಳಿಂದ ನಡೆಸಿಕೊಂಡು ಬಂದವರ ಹೊಂದಾಣಿಕೆಗಳೆಲ್ಲ ಕರ್ನಲ್‌ನ ಕೈಗೆ ಸಿಕ್ಕಿ ಕೆಟ್ಟವು. ಡಾಂಗಲ್ಲನ್ನು ಬರೀ ಸ್ಟೋರೇಜ್ ಆಗಿ ಬಳಸಬೇಕೆಂದವರಿಗೆ ದಾರಿಯೇ ಮುಚ್ಚಿತು. ಕರ್ನಲ್ ಕಳಿಸಿದ ಸಂದೇಶ ತಾಗಿದ ಮೇಲೆ ಯಾವ ಮೋಡ್‌ಗೂ ಬಾರದೆ ಕುಳಿತ ಸಾಧನವೂ ಇತ್ತು. ಕೊನೆಗೆ ಅದೇ ವರ್ಷ ಆ ಬದಲಾವಣೆಯನ್ನು ಹಿಂತೆಗೆದುಕೊಂಡರು. ಹಳೆಯ ಪಟ್ಟಿಯನ್ನು ಉಳಿಸಿಕೊಂಡದ್ದು ಅದನ್ನು ನಂಬಿದವರ ಯಂತ್ರಗಳು ಕೆಡಬಾರದೆಂದು ಮಾತ್ರ.

ನಾನು ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಾಧನ ಯಾವ ಮೋಡ್‌ನಲ್ಲಿರಬೇಕು ಎಂಬುದು ಬಳಕೆದಾರರ ಆಯ್ಕೆ. ಅಂಥ ಆಯ್ಕೆಯನ್ನು ಕರ್ನಲ್‌ನೊಳಗೆ ಬರೆದುಬಿಟ್ಟರೆ, ಬದಲಿಸಬೇಕಾದಾಗ ಹೊಸ ಕರ್ನಲ್ಲನ್ನೇ ಹಾಕಬೇಕು. ಹೊರಗಿದ್ದರೆ ಒಂದು ಪಠ್ಯ ಕಡತ ತಿದ್ದಿದರೆ ಮುಗಿಯಿತು. ಹೊರಗಿನ ಪ್ರೋಗ್ರಾಮ್ ಕುಸಿದರೆ ಅದೊಂದೇ ಸಾಮಾನ್ಯವಾಗಿ ನಿಲ್ಲುತ್ತದೆ, ಕರ್ನಲ್‌ನೊಳಗಿನ ಡ್ರೈವರ್ ಎಡವಿದರೆ ಇಡೀ ಯಂತ್ರವೇ ನಿಲ್ಲಬಹುದು.

ಹಾಗಾದರೆ ಕರ್ನಲ್‌ನೊಳಗೆ ಇರಲೇಬೇಕಾದ್ದು ಯಾವುದು? ಇಂಟರಪ್ಟ್‌ಗೆ (ಸಾಧನ ತನ್ನತ್ತ ಗಮನ ಸೆಳೆಯಲು ಕೊಡುವ ಕರೆಗೆ) ತಕ್ಷಣ ಓಗೊಡಬೇಕಾದ್ದು, ನೇರವಾಗಿ ಮೆಮೊರಿಗೆ ಬರೆಯುವ ಸಾಧನವನ್ನು ಹದ್ದಿನಲ್ಲಿಡಬೇಕಾದ್ದು, ಹಲವು ಪ್ರೋಗ್ರಾಮ್‌ಗಳು ಏಕಕಾಲಕ್ಕೆ ಹಂಚಿಕೊಳ್ಳುವಂಥದ್ದು. ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಧ್ವನಿ ಎಲ್ಲ ಹೀಗೆಯೇ. ಗ್ರಾಫಿಕ್ಸ್‌ನ ಕಥೆಯಂತೂ ನಿಮ್ಮ ಡಾಂಗಲ್‌ನದಕ್ಕೆ ತದ್ವಿರುದ್ಧ. ಹಿಂದೆ ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಎಂಬ ಹೊರಗಿನ ಪ್ರೋಗ್ರಾಮೇ ವಿಡಿಯೊ ಕಾರ್ಡಿನ ರಿಜಿಸ್ಟರ್‌ಗಳಿಗೆ (ಕಾರ್ಡನ್ನು ನಿಯಂತ್ರಿಸುವ ಒಳಗಿನ ಜಾಗಗಳಿಗೆ) ನೇರವಾಗಿ ಕೈಹಾಕುತ್ತಿತ್ತು. ಲ್ಯಾಪ್‌ಟಾಪ್ ನಿದ್ರೆಯಿಂದೆದ್ದಾಗ ಪರದೆ ಕಪ್ಪಾಗಿಯೇ ಉಳಿಯುತ್ತಿದ್ದ ಕಾಟದಲ್ಲಿ ಈ ಏರ್ಪಾಟಿನ ಪಾಲೂ ಇತ್ತು. 2009ರಲ್ಲಿ ಬಂದ ಕರ್ನಲ್‌ನ 2.6.29 ಆವೃತ್ತಿಯಿಂದ, ಮೊದಲು ಇಂಟೆಲ್ ಚಿಪ್‌ಗಳಿಗೆ, ಪರದೆಯ ಮೋಡ್ ಹೊಂದಿಸುವ ಹೊಣೆ ಕರ್ನಲ್‌ನೊಳಗೆ ಬಂತು. ಅದು ಒಳಗೆ ಬಂದದ್ದೂ ಸರಿ, ಡಾಂಗಲ್ ಹೊರಗುಳಿದದ್ದೂ ಸರಿ.

ಒಂದು ಉಪಯುಕ್ತ ಮಾತು. ಬೇರೆ ಡಾಂಗಲ್ ಕೊಂಡಾಗ ಅದೂ ಸಿಡಿಯಾಗಿಯೇ ಉಳಿದರೆ, ಮೋಡ್‌ಸ್ವಿಚ್‌ನ ಜೊತೆ ಬರುವ ‘ಡೇಟಾ’ ಪ್ಯಾಕೇಜನ್ನು ಮೊದಲು ಅಪ್‌ಡೇಟ್ ಮಾಡಿ. ಸಾಧನಗಳ ಪಟ್ಟಿ ಇರುವುದು ಅದರಲ್ಲಿ.

ಪ್ರಶ್ನೆ: ನನ್ನ ಯುಎಸ್‌ಬಿ ಸ್ಕ್ಯಾನರ್ ರೂಟ್ (ಯಂತ್ರದ ಮೇಲಿನ ಪೂರ್ಣ) ಅಧಿಕಾರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕರ್ನಲ್‌ನಲ್ಲಿ ಡ್ರೈವರ್ ಇಲ್ಲವೆಂದೆ?
— ಧಾರವಾಡದ ಓದುಗರು

ಉತ್ತರ: ಡ್ರೈವರ್ ಇಲ್ಲ, ಬೇಕಾಗಿಯೂ ಇಲ್ಲ. ಕರ್ನಲ್‌ನಲ್ಲಿದ್ದ ಯುಎಸ್‌ಬಿ ಸ್ಕ್ಯಾನರ್ ಡ್ರೈವರ್ರನ್ನು 2.6 ಸರಣಿಯ ಆರಂಭದಲ್ಲೇ ತೆಗೆದುಹಾಕಿದರು. ಈಗ ಸೇನ್ ಎಂಬ ಸ್ಕ್ಯಾನಿಂಗ್ ತಂತ್ರಾಂಶ, ಹೊರಗಿನ ಪ್ರೋಗ್ರಾಮ್‌ಗಳಿಗೆ ಯುಎಸ್‌ಬಿ ಸಾಧನ ಮುಟ್ಟಲು ನೆರವಾಗುವ ಲಿಬ್‌ಯುಎಸ್‌ಬಿ ಮೂಲಕ, ಸ್ಕ್ಯಾನರ್ ಜೊತೆ ತಾನೇ ಮಾತಾಡುತ್ತದೆ. ರೂಟ್‌ನಲ್ಲಿ ನಡೆಯುತ್ತದೆ ಎಂದ ಮೇಲೆ ನಿಮ್ಮಲ್ಲಿ ಕೊರತೆಯಿರುವುದು ಅನುಮತಿಯದ್ದು.

ಸದಾ ರೂಟ್‌ನಲ್ಲಿ ಸ್ಕ್ಯಾನ್ ಮಾಡುವ ಅಭ್ಯಾಸ ದಯವಿಟ್ಟು ಬೇಡ. ಇಟಿಸಿ ಫೋಲ್ಡರಿನಲ್ಲಿ ಯುಡೆವ್ (ಸಾಧನ ಚುಚ್ಚಿದಾಗ ಏನಾಗಬೇಕೆಂದು ನೋಡಿಕೊಳ್ಳುವ ಪ್ರೋಗ್ರಾಮ್) ನಿಯಮಗಳ ಜಾಗವಿದೆ. ಅಲ್ಲಿ ಸ್ಕ್ಯಾನರಿನ ಎರಡು ಗುರುತಿನ ಸಂಖ್ಯೆಗಳನ್ನು (ತಯಾರಕರದ್ದು, ಮಾದರಿಯದ್ದು) ಬರೆದು, ‘ಯುಆಕ್ಸೆಸ್’ ಟ್ಯಾಗ್ ಕೊಡುವ ಒಂದು ಸಾಲಿನ ಕಡತ ಇಡಿ. ಲಾಗಿನ್ ಆಗಿ ಕುಳಿತವರಿಗೆ ಅನುಮತಿ ತಾನಾಗಿ ಸಿಗುತ್ತದೆ. ಕಡತದ ಹೆಸರು 73ಕ್ಕಿಂತ ಚಿಕ್ಕ ಸಂಖ್ಯೆಯಿಂದ ಶುರುವಾಗಲಿ, 60 ಅಥವಾ 70 ಆದೀತು. ಈ ಟ್ಯಾಗನ್ನು ಓದಿ ಜಾರಿಗೆ ತರುವ, ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ನಿಯಮ 73ನೆಯದು, 99 ಎಂದು ಹೆಸರಿಟ್ಟರೆ ನಿಮ್ಮ ಸಾಲು ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ಕಡತ ಉಳಿಸಿದ ಮೇಲೆ ಸ್ಕ್ಯಾನರನ್ನು ಒಮ್ಮೆ ಕಿತ್ತು ಮತ್ತೆ ಚುಚ್ಚಿ.