ಹೊರಗೆ ಗಟ್ಟಿ, ಒಳಗೆ ಹಸಿ

ಪ್ರಶ್ನೆ: ಡ್ರೈಯರ್‌ನಲ್ಲಿ 75 ಡಿಗ್ರಿಗಿಟ್ಟು ಒಣಗಿಸಿದ ಬಾಳೆಹಣ್ಣಿಗೆ ವಾರದಲ್ಲೇ ಬೂಸ್ಟು ಬಂತು. ಮುಟ್ಟಿದರೆ ಗಟ್ಟಿಯಾಗಿಯೇ ಇತ್ತಲ್ಲ, ತಪ್ಪೆಲ್ಲಿ?

ಉತ್ತರ: ಆ 75ರಲ್ಲೇ. ಬಿಸಿ ಜಾಸ್ತಿಯಾದರೆ ಮೇಲ್ಪದರ ಬೇಗ ಬಿಗಿದುಕೊಂಡು ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. 57 ಡಿಗ್ರಿ ಸಾಕು. 6 ಮಿ.ಮೀ. ದಪ್ಪಕ್ಕೆ ಒಂದೇ ಸಮ ಹೆಚ್ಚಿ, ಕಪ್ಪಾಗದಂತೆ ನಿಂಬೆರಸದ ನೀರಲ್ಲಿ ಅದ್ದಿ, ಒಂದಕ್ಕೊಂದು ತಾಗದಂತೆ ಹರಡಿ. 8ರಿಂದ 12 ಗಂಟೆ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ನಡುವೆ ತಟ್ಟೆಗಳ ಜಾಗ ಬದಲಿಸಿ. ಬಿಸಿಯಿದ್ದಾಗ ಮುಟ್ಟಿ ನೋಡುವುದು ದಂಡ. ಒಂದು ಬಿಲ್ಲೆ ತಣ್ಣಗಾಗಲು ಬಿಟ್ಟು ಹರಿಯಿರಿ, ಹರಿದಲ್ಲಿ ಪಸೆ ಕಾಣಬಾರದು. ಪೂರ್ತಿ ತಣ್ಣಗಾದ ಮೇಲೆ ಗಾಜಿನ ಜಾಡಿಗೆ ಮೂರರಲ್ಲಿ ಎರಡು ಪಾಲು ತುಂಬಿ, ವಾರವಿಡೀ ದಿನಕ್ಕೊಮ್ಮೆ ಕುಲುಕಿ. ಗಾಜಿನ ಒಳಗೆ ಬೆವರು ಕಂಡರೆ ಮತ್ತೆ ಡ್ರೈಯರ್‌ಗೆ. ಬೂಸ್ಟು ಹಿಡಿದದ್ದನ್ನು ಮಾತ್ರ ಒರೆಸಿ ತಿನ್ನಬೇಡಿ, ಎಸೆಯಿರಿ.