ಡಾಕ್ಟರು ಕೇಳಿದ್ದು ಮರ್ಯಾದೆಯ ಪ್ರಶ್ನೆಯಲ್ಲ

“ನನ್ನ ತಮ್ಮನಿಗೆ 29 ವರ್ಷ. ಸೊಂಟದ ಮೇಲೆ ಸರ್ಪಸುತ್ತು ಎದ್ದಿದೆ. ಚರ್ಮದ ಡಾಕ್ಟರು ಎಚ್‌ಐವಿ ಪರೀಕ್ಷೆ ಮಾಡಿಸಿ ಅಂದರು. ಮರ್ಯಾದಸ್ಥರಿಗೆ ಹೀಗೆ ಹೇಳಬಹುದೇ?”
– ಓದುಗರೊಬ್ಬರು, ತಿಪಟೂರು

ತಾಯಿ, ನಾಲ್ಕು ಜನರ ಎದುರಿಗೆ ಹೇಳಿದ್ದರೆ ಅದು ಡಾಕ್ಟರ ತಪ್ಪೇ. ಸರ್ಪಸುತ್ತು ಬಂದವರಿಗೆಲ್ಲ ಎಚ್‌ಐವಿ ಇರುವುದೂ ಇಲ್ಲ. ಆದರೂ ಅವರು ನಿಮ್ಮ ತಮ್ಮನಿಗೆ ಉಪಕಾರವನ್ನೇ ಮಾಡಿದ್ದಾರೆ.

ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ಅಡಗಿರುತ್ತದೆ. ರೋಗ ತಡೆಯುವ ಮೈಯ ಶಕ್ತಿ ಕುಂದಿದಾಗ ಮತ್ತೆ ಏಳುತ್ತದೆ. ಎಚ್‌ಐವಿ ಕುಂದಿಸುವುದೂ ಇದೇ ಶಕ್ತಿಯನ್ನು. ಇದು 50 ದಾಟಿದವರಲ್ಲೇ ಜಾಸ್ತಿ. ಈ ವಯಸ್ಸಿಗೇ ಯಾಕೆ ಬಂತು ಎಂದು ಡಾಕ್ಟರು ಯೋಚಿಸಬೇಕಲ್ವಾ?

ನಮ್ಮ ಬೀದಿಯಲ್ಲಿ ಒಬ್ಬ ಟೈಲರ್ ಇದ್ದರು. ಏಪ್ರಿಲ್ ಬಿಸಿಲಲ್ಲೂ ತುಂಬು ತೋಳಿನ ಅಂಗಿ. ಬಟ್ಟೆ ಕತ್ತರಿಸುತ್ತಲೇ ಮರದ ಸ್ಕೇಲಿನಿಂದ ಮೊಣಕೈ ಕೆರೆದುಕೊಳ್ಳುತ್ತಿದ್ದರು. ಒಮ್ಮೆ ತೋಳು ಮಡಚಿದಾಗ ನೋಡಿದೆ, ಕೈತುಂಬ ಕಪ್ಪು ಗುಳ್ಳೆ. “ಸೊಳ್ಳೆ ಸಾರ್” ಅಂದರು. ಎರಡು ವರ್ಷ ಮೆಡಿಕಲ್ ಶಾಪಿನಿಂದ ಟ್ಯೂಬ್ ಮೇಲೆ ಟ್ಯೂಬ್ ತಂದು ಹಚ್ಚಿದರು. ಎಚ್‌ಐವಿ ಇದ್ದವರಲ್ಲಿ ಇಂಥ ತುರಿಗುಳ್ಳೆ ತೀರಾ ಸಾಮಾನ್ಯ ಎಂದು ಅವರಿಗೆ ಹೇಳುವವರೇ ಇರಲಿಲ್ಲ. ಕೊನೆಗೆ ಪರೀಕ್ಷೆಯಾಗಿ, ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆ ಶುರುವಾಗಿ, ಕೆಲವು ತಿಂಗಳಲ್ಲಿ ತುರಿಕೆ ನಿಂತಿತು. ಆ ಎರಡು ವರ್ಷ ಸುಮ್ನೆ ಹೋಯಿತು.

ನನಗೆ ಸಿಟ್ಟು ಬರುವುದು ಇಲ್ಲೇ. ಚೀಟಿ ಇಲ್ಲದೆ ಸ್ಟೀರಾಯ್ಡ್ ಮುಲಾಮು ಕೊಂಡು ಹಚ್ಚಿಕೊಳ್ಳಲು ನಮಗೆ ಸಂಕೋಚವಿಲ್ಲ. ಕಜ್ಜಿ ಕಂಡರೆ ನಾಗದೋಷ ಅನ್ನುತ್ತೇವೆ. ಹೆಣ್ಣು ನೋಡಲು ಹೋದವರು ಕೈಮೇಲಿನ ಕಲೆ ಹುಡುಕುತ್ತಾರೆ. ರಕ್ತ ಪರೀಕ್ಷೆ ಅಂದಕೂಡಲೇ ಮಾತ್ರ ಮನೆತನದ ಮಾತು!

ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರದಲ್ಲಿ, ಪರೀಕ್ಷೆ ಉಚಿತ. 2004ರಿಂದ ಎಆರ್‌ಟಿ ಮಾತ್ರೆಯೂ ಉಚಿತ. ನಿಮ್ಮ ತಮ್ಮ ಒಪ್ಪದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಊರಿಗೆ ಸಾರುವಂತಿಲ್ಲ ಎಂದು 2017ರ ಎಚ್‌ಐವಿ ಕಾನೂನೇ ಹೇಳುತ್ತದೆ. ಅನುಮಾನವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಹಾವಿನ ತಲೆ, ಬಾಲ ಕೂಡಿದರೆ ಜೀವ ಹೋಗುತ್ತದೆಂದು ನಿಮ್ಮತ್ತೆ ಹೆದರಿಸಿದ್ದಾರೆಂದೂ ಬರೆದಿದ್ದೀರಿ. ಹೆದರಬೇಡಿ. ಸರ್ಪಸುತ್ತು ಸಾಮಾನ್ಯವಾಗಿ ಒಂದೇ ನರ ಹಿಡಿದು ಮೈಯ ಒಂದೇ ಪಕ್ಕದಲ್ಲಿ ನಿಲ್ಲುತ್ತದೆ. ಕೆಮ್ಮಣ್ಣು ಮಾತ್ರ ಬಳಿಯಬೇಡಿ, ಒಡೆದ ಗುಳ್ಳೆ ಕೀವಾಗುತ್ತದೆ. ಡಾಕ್ಟರು ಕೊಟ್ಟ ಮಾತ್ರೆ ಇವತ್ತೇ ಶುರು ಮಾಡಿಸಿ. ಗುಳ್ಳೆ ಎದ್ದ ಮೂರು ದಿನದೊಳಗೆ ಶುರುವಾದರೆ ಗುಣ ಜಾಸ್ತಿ.