ಸೆಕೆಂಡ್ ಹ್ಯಾಂಡ್ ಪಿಸಿ ಗೇಮ್: ‘ಕೀ ಈಗಾಗಲೇ ಬಳಕೆಯಾಗಿದೆ’ ಅಂತ ಬಂದರೆ
ಗೇಮ್‌ನ ಹಳೇ ಡಿವಿಡಿ ಕೊಂಡು ಅದರ ಕೀ (ಗೇಮ್ ಆಕ್ಟಿವೇಟ್ ಮಾಡುವ ಕೋಡ್) ಹಾಕಿದರೆ, ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ ‘ಈಗಾಗಲೇ ಬಳಕೆಯಾಗಿದೆ’ ಅನ್ನುತ್ತಿದೆ ಅಂದಿರಿ. ಬಹುತೇಕ ಆ ಕೀ ಮೊದಲು ಕೊಂಡವರ ಅಕೌಂಟಿಗೆ ಸೇರಿಹೋಗಿದೆ. ಡಿಸ್ಕ್ ಸರಿಯಾಗೇ ಇರಬಹುದು, ಸುಮ್ನೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. 2004ರ ಹಾಫ್-ಲೈಫ್ 2 ಗೇಮ್ ಕಾಲದಿಂದಲೂ ಇದೇ ಕಥೆ.

ಮೊದಲು ನಿಮ್ಮದೇ ಹಳೇ ಸ್ಟೀಮ್ ಅಕೌಂಟ್ ಇದ್ದರೆ ಅದರ ಲೈಬ್ರರಿ ನೋಡಿ. ಅಲ್ಲೂ ಇಲ್ಲದಿದ್ದರೆ ಆ ಸಂದೇಶದ ಸ್ಕ್ರೀನ್‌ಶಾಟ್ ತೆಗೆದು, ಮಾರಿದವರಿಗೆ ಕಳಿಸಿ ದುಡ್ಡು ವಾಪಸ್ ಕೇಳಿ. ಸ್ಟೀಮ್ ಸಪೋರ್ಟ್ ಕೀಯನ್ನು ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಬದಲಾಯಿಸಿ ಕೊಡುವುದಿಲ್ಲ.

ಮಾರಿದವರು ‘ನನ್ನ ಅಕೌಂಟೇ ತಗೊಳ್ಳಿ’ ಅಂದರೆ ಒಪ್ಪಬೇಡಿ. ಅಕೌಂಟ್ ಮಾರುವುದು ಸ್ಟೀಮ್ ನಿಯಮಕ್ಕೆ ವಿರುದ್ಧ, ನಾಳೆ ಅವರೇ ವಾಪಸ್ ಪಡೆದುಬಿಡಬಹುದು. ದುಡ್ಡು ಬರದಿದ್ದರೆ ಸ್ಟೀಮ್ ಸೇಲ್‌ಗೆ ಕಾಯಿರಿ, ಹಳೇ ಗೇಮ್‌ಗಳು ಅಗ್ಗಕ್ಕೆ ಸಿಗುತ್ತವೆ.